ಊರ ಕಡೆ ಮುಖ ಮಾಡಿದ ಹೆಜ್ಜೆ

ಸಿಮೆಂಟಿನಲ್ಲಿ ಹೆಜ್ಜೆ ಮೂಡಿಸುವುದಕ್ಕೆ ಮೊದಲು ಅಂಗಾಲಿಗೆ ಕಡಲೆಕಾಯಿ ಎಣ್ಣೆ ಹಚ್ಚಬೇಕು. ಇಲ್ಲದಿದ್ದರೆ ಕಾಲು ಎತ್ತುವಾಗ ಸಿಮೆಂಟು ಅಂಟಿಕೊಂಡು ಬಂದು ಬೆರಳಿನ ಗುರುತು ಕೆಡುತ್ತದೆ. ಕಾಲಿಟ್ಟ ಮೇಲೆ ಅಲುಗಾಡಬಾರದು. ಭಾರವನ್ನೆಲ್ಲ ಹಿಮ್ಮಡಿಗೆ ಬಿಟ್ಟು ನಿಲ್ಲಬೇಕು. ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದವಳು ನನ್ನ ಅಕ್ಕ. ನಾನು ರಾಯದುರ್ಗದಲ್ಲಿ, ಜೀನ್ಸ್ ಹೊಲಿಯುವ ಘಟಕದ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆ. ಅವಳು ಮಡಕಶಿರಾದಿಂದಾಚೆ, ರೊಳ್ಳದ ಕಡೆಯ ತನ್ನ ಗಂಡನ ಊರಿನಲ್ಲಿದ್ದಳು.

"ಎಣ್ಣಿ ಹಚ್ಚೋ ಮುಂದ ನಗು ತಡಿಯಾಕ ಆಗಲಿಲ್ಲ ನೋಡೋ ತಮ್ಮ. ಮದುವ್ಯಾಗ ಅರಿಷಿಣ ಹಚ್ಚಿದಂಗ ಹಚ್ಚಿದ್ರು" ಎಂದಳು. "ಸಿಮೆಂಟು ತಣ್ಣಗ ಇರತೈತಿ. ಕೆಸರಿನಂಗಲ್ಲ. ಕಾಲು ಹಿಡಕೊಂಡಂಗ ಆಗತೈತಿ."

ಅವಳ ಊರಿಗೆ ಆ ವರ್ಷ ಬೇಸಿಗೆಯ ಮೊದಲಿಗೆ ಮೂವರು ಕಲಾವಿದರು ಬಂದಿದ್ದರು. ಒಬ್ಬ ಹೆಂಗಸು, ಇಬ್ಬರು ಗಂಡಸರು. ಮಕ್ಕಳಿಲ್ಲದೆ ಮುಚ್ಚಿದ್ದ ಹಳೆಯ ಶಾಲೆಯ ಕೋಣೆಯನ್ನು ಗುಡಿಸಿ ಅಲ್ಲೇ ಇದ್ದರು. ಬಾಗಿಲಿಗೆ ಒಂದು ಬಟ್ಟೆಯ ಬ್ಯಾನರ್ ಕಟ್ಟಿ ಅದರ ಮೇಲೆ ರೆಸಿಡೆನ್ಸಿ ಎಂದು ಬರೆಸಿದ್ದರಂತೆ. ಪಟ್ಟಣದ ಲಾಡ್ಜುಗಳ ಬೋರ್ಡಿನಲ್ಲಿ ಅದೇ ಪದ ಇರುವುದರಿಂದ ಊರಿನವರು ಮೊದಲು ಲಾಡ್ಜೇ ಮಾಡುತ್ತಾರೆಂದು ತಿಳಿದರು. "ಈ ಊರಾಗ ಬಂದು ಉಳಕೊಳ್ಳೋರು ಯಾರು, ಕೋತಿಗಳಾ?" ಎಂದು ಭಾವ ಕೇಳಿದ್ದನ್ನು ಅಕ್ಕ ನನಗೆ ಹೇಳಿ ನಕ್ಕಿದ್ದಳು. ಆಮೇಲೆ ಅವಳೇ ವಿಚಾರಿಸಿಕೊಂಡು ಬಂದಳು. ಊರಿನಲ್ಲಿ ಎರಡು ಮೂರು ತಿಂಗಳು ಇದ್ದು, ಊರಿನವರ ಜೊತೆಗೂಡಿ, ಎಲ್ಲರಿಗೂ ಕಾಣುವ ಹಾಗೆ ಊರಿಗೊಂದು ಏನಾದರೂ ಮಾಡಿ ಕೊಟ್ಟು ಹೋಗುತ್ತಾರಂತೆ. ಏನು ಮಾಡುವುದೆಂದು ಅವರಿಗೂ ಮೊದಲು ಗೊತ್ತಿಲ್ಲವಂತೆ.

ಮೊದಲಿನ ಕೆಲವು ವಾರ ಅವರು ಸುಮ್ಮನೆ ಓಡಾಡಿದರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದನ್ನು ನೋಡಿದರು, ರೇಷ್ಮೆಹುಳದ ಮನೆಯ ಬಾಗಿಲಲ್ಲಿ ನಿಂತರು. ದಿನ ಬೆಳಗಾದರೆ ಊರಿನ ಅರ್ಧ ಜನ ಇಳಿಜಾರಿನ ದಾರಿಯಲ್ಲಿ ಇಳಿದು, ಬೇವಿನ ಮರದ ಕೆಳಗಿನ ಬಸ್‌ಸ್ಟಾಪಿಗೆ ಹೋಗಿ, ಬಸ್ಸೋ ಆಟೋವೋ ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಸಂಜೆಗೆ ಬರುತ್ತಾರೆ, ಕೆಲವರು ಹಬ್ಬಕ್ಕೆ ಬರುತ್ತಾರೆ, ಕೆಲವರು ಬರುವುದಿಲ್ಲ. ಕಲಾವಿದರಲ್ಲಿ ಹಿರಿಯಳಾದ ಆ ಹೆಂಗಸು, ಊರಿನವರೆಲ್ಲ ಮೇಡಂ ಎನ್ನುತ್ತಿದ್ದವಳು, ಇದನ್ನು ನೋಡಿ ಆ ಇಳಿಜಾರಿಗೆ ಸಿಮೆಂಟಿನ ಚಪ್ಪಡಿಗಳನ್ನು ಹಾಸೋಣ ಎಂದಳು. ಒಂದೊಂದು ಚಪ್ಪಡಿಯಲ್ಲಿ ಊರಿನ ಒಬ್ಬೊಬ್ಬರ ಹೆಜ್ಜೆ. ಊರಿನಿಂದ ಬಸ್‌ಸ್ಟಾಪಿನ ತನಕ.

ಯಾರೂ ಮುಂದೆ ಬರಲಿಲ್ಲ. ನಮ್ಮ ಕಡೆ ಕಲ್ಲಿನಲ್ಲಿ ಪಾದ ಕೆತ್ತುವುದು ತೀರಿಕೊಂಡ ಸ್ವಾಮಿಗಳ ಗದ್ದುಗೆಯ ಮೇಲೆ. ಅಲ್ಲಿ ವಿಭೂತಿ ಹಚ್ಚುತ್ತೇವೆ, ಹೂ ಇಡುತ್ತೇವೆ. ಬದುಕಿರುವವರು ಹೋಗಿ ಕಾಲಿಟ್ಟು ನಿಲ್ಲುವುದೆಂದರೆ ಏನು? ಅಕ್ಕನ ಪಕ್ಕದ ಮನೆಯ ಅಜ್ಜಿ ಎಲ್ಲರ ಮುಂದೆ ಕೇಳಿಯೇ ಬಿಟ್ಟಳಂತೆ: "ಉಸಿರಾಡೋರ ಪಾದ ಕಲ್ಲಿಗೆ ಹಾಕ್ತಾರೇನಮ್ಮಿ? ನಾಳೆ ಹೂವಿಕ್ಕೋರ್ ಯಾರು?"

ಅಕ್ಕ ಎದ್ದು ನಿಂತಳಂತೆ. "ಹಂಗಾದ್ರ ನಂದ ಮೊದಲು ಹಾಕ್ರಿ. ಏನಾಗತೈತಿ ನೋಡೇಬಿಡೋಣು."

"ಬಂದ್ಳಪ್ಪ ರಾಯದುರ್ಗದ ರೀ ರೀ" ಎಂದು ಯಾರೋ ಹಿಂದಿನಿಂದ ಕೂಗಿದರು. ಮದುವೆಯಾಗಿ ಹೋಗಿ ಅಷ್ಟು ವರ್ಷವಾದರೂ ಅವಳ ಮಾತು ಬದಲಾಗಿರಲಿಲ್ಲ. ಆ ಊರಿನ ಹೆಂಗಸರು ಅವಳನ್ನು ಆಡಿಕೊಳ್ಳುತ್ತಿದ್ದುದು ಅದೊಂದಕ್ಕೇ. ಮಕ್ಕಳಾಗಲಿಲ್ಲ ಎಂಬುದಕ್ಕೆ ಎದುರಿಗೆ ಆಡಿಕೊಳ್ಳುತ್ತಿರಲಿಲ್ಲ. ಅವಳು ಮನೆಮನೆಗೆ ಹೋಗಿ ಕುಳಿತು, ಹೇಳಿ, ನಗಿಸಿ, ಬೈದು ಒಬ್ಬೊಬ್ಬರನ್ನೇ ಒಪ್ಪಿಸಿದಳು. ಆ ಅಜ್ಜಿಯನ್ನೂ ಕೈಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದಳು. ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚಿದವಳೂ ಅವಳೇ.

ಚಪ್ಪಡಿಗಳು ಒಣಗಿ ದಾರಿಗೆ ಹಾಸುವ ದಿನ ಜಗಳವಾಯಿತು. ಮೇಡಂ ಎಲ್ಲ ಹೆಜ್ಜೆಗಳನ್ನೂ ಬಸ್‌ಸ್ಟಾಪಿನ ಕಡೆಗೆ, ಅಂದರೆ ಕೆಳಗಡೆಗೆ ಮುಖ ಮಾಡಿ ಜೋಡಿಸಿದ್ದಳು. ಅಕ್ಕ ತನ್ನ ಚಪ್ಪಡಿಯ ಮೇಲೆ ಕುಳಿತುಬಿಟ್ಟಳು.

"ಹೋಗೋದಷ್ಟ ತೋರಸ್ತೀರೇನ್ರಿ ಮೇಡಂ? ಸಂಜಿಕ ಬರೋದಿಲ್ಲೇನು ನಾವು?"

ಮೇಡಂ ದೊಡ್ಡ ಊರಿನವಳು. ಪುಸ್ತಕದ ಹಾಗೆ ಸ್ವಚ್ಛವಾಗಿ ಮಾತನಾಡುತ್ತಿದ್ದಳು. "ಇದು ಹೊರಡುವವರ ಸಾಲು. ಎಲ್ಲವೂ ಒಂದೇ ದಿಕ್ಕಿಗಿದ್ದರೆ ನೋಡಿದವರಿಗೆ ಅದು ತಟ್ಟುತ್ತದೆ" ಎಂದಳಂತೆ.

"ನೋಡೋರಿಗೆ ತಟ್ಟಲಿ ಬಿಡ್ರಿ. ದಿನಾ ತುಳಿಯೋರು ನಾವು. ನಮ್ಮವ್ವ ಹಬ್ಬದಾಗ ಹೊಸ್ತಿಲಿಗೆ ಹಿಟ್ಟಿನ ಹೆಜ್ಜಿ ಹಾಕತಾಳ. ಒಂದರೆ ಹೊರಗ ಹೋಗೋ ಹೆಜ್ಜಿ ಹಾಕ್ಯಾಳೇನು? ಬರೋ ಹೆಜ್ಜಿ ಒಂದೂ ಇಲ್ಲದ ದಾರಿ ಊರಿನ ದಾರೀನೇ ಅಲ್ಲ. ನಂದೊಂದು ಊರ ಕಡೆ ಮುಖ ಮಾಡ್ರಿ."

ಸುತ್ತ ನಿಂತವರು ಚಪ್ಪಾಳೆ ಹೊಡೆದರಂತೆ. ಕೊನೆಗೆ ಮೇಡಂ ಎಲ್ಲರ ಎದುರಿಗೆ ಒಪ್ಪಿದಳು. "ಸರಿ, ನಿಮ್ಮ ಹೆಜ್ಜೆ ಊರಿನ ಕಡೆಗೇ ಇರಲಿ. ಅದನ್ನು ಯಾರೂ ಬದಲಿಸುವುದಿಲ್ಲ" ಎಂದಳು. ಈ ಮಾತನ್ನು ಅಕ್ಕ ನನಗೆ ಎರಡು ಸಲ ಹೇಳಿದಳು, ಮೇಡಂ ಹೇಳಿದ ಹಾಗೆಯೇ, ಅದೇ ಸ್ವಚ್ಛ ಮಾತಿನಲ್ಲಿ.

ಆ ದಿನ ನಾನು ಅವಳ ಪರವಾಗಿ ಇರಲಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು. ನನ್ನದು ಕಟಿಂಗ್ ಕೆಲಸ. ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಹಾಸಿ ಕತ್ತರಿಸುವಾಗ ಎಲ್ಲ ಪದರವೂ ಒಂದೇ ದಿಕ್ಕಿಗಿರಬೇಕು. ಒಂದು ತುಂಡು ತಿರುಗಿದರೂ ಹೊಲಿದ ಮೇಲೆ ಅದರ ಬಣ್ಣ ಬೇರೆಯಾಗಿ ಕಾಣುತ್ತದೆ, ಪ್ಯಾಂಟು ವಾಪಸ್ಸು ಬರುತ್ತದೆ. ಅದನ್ನೇ ಅವಳಿಗೆ ಹೇಳಿದೆ. "ಮೇಡಂ ಅಂದಿದ್ದು ಸರಿ ಐತಕ್ಕಾ. ಒಂದು ಉಲ್ಟಾ ಇದ್ರ ಎಲ್ಲಾ ಕೆಟ್ಟಂಗ."

"ನಾನೇನು ಪ್ಯಾಂಟೇನೋ?" ಎಂದು ನಕ್ಕಳು. ಆಮೇಲೆ, "ಬಂದು ನೋಡು. ನೋಡಿ ಹೇಳು" ಎಂದಳು.

ಹೋಗಲಿಲ್ಲ. ಒಂದು ಫೋಟೋ ಕಳಿಸಿದಳು. ಹತ್ತಿರದಿಂದ ತೆಗೆದದ್ದು, ಬರೀ ಚಪ್ಪಡಿ ಮತ್ತು ಅದರೊಳಗಿನ ಬಲಗಾಲು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು, ಚಿಕ್ಕಂದಿನಿಂದಲೂ ಅದು ಹಾಗೆಯೇ. ಹಿಮ್ಮಡಿಯ ಬಿರುಕುಗಳು ಸಣ್ಣ ಗೆರೆಗಳಾಗಿ ಮೂಡಿದ್ದವು. ಹೆಬ್ಬೆರಳಿನ ಪಕ್ಕದ ಬೆರಳಲ್ಲಿ ಕಾಲುಂಗುರದ ಕುಳಿ. ಬರುತ್ತೇನೆ ಎಂದೆ. ಆರ್ಡರ್ ಮುಗಿಯಲಿ ಎಂದೆ. ಒಂದು ಆರ್ಡರ್ ಮುಗಿದರೆ ಇನ್ನೊಂದು ಬರುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ಅವಳು ರಾಯದುರ್ಗದ ಮಗಳು.

ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಐದನೆಯ ದಿನ ತೀರಿಕೊಂಡಳು. ಅವ್ವ, ನಾನು ಜೀಪು ಮಾಡಿಕೊಂಡು ಹೋದೆವು. ಹೊಲದ ಕಡೆಯ ದಾರಿಯಿಂದ ನೇರವಾಗಿ ಮನೆಗೆ ಕರೆದುಕೊಂಡು ಹೋದರು, ಹೊಲದಲ್ಲೇ ಮಣ್ಣು ಮಾಡಿದೆವು, ಅದೇ ದಾರಿಯಲ್ಲಿ ಹಿಂದಕ್ಕೆ ಬಂದೆವು. ಬಸ್‌ಸ್ಟಾಪಿನ ಕಡೆಗೆ ಯಾರೂ ಹೋಗಲಿಲ್ಲ. ಅವಳ ಹೆಜ್ಜೆಯ ನೆನಪು ನನಗೆ ಬಂದದ್ದು ರಾಯದುರ್ಗಕ್ಕೆ ಬಂದ ಮೇಲೆ.

ಆಮೇಲೆ ಅದೊಂದೇ ನನ್ನ ತಲೆಯಲ್ಲಿತ್ತು. ಅವಳ ಸೀರೆಗಳನ್ನು ಹಂಚಿಬಿಟ್ಟಿದ್ದರು. ಮಣ್ಣು ಮಾಡಿದ ಜಾಗದ ಮೇಲೆ ಇನ್ನೂ ಕಲ್ಲು ಕೂಡಿಸಿರಲಿಲ್ಲ. ಆದರೆ ಆ ದಾರಿಯಲ್ಲಿ ಅವಳ ಬಲಗಾಲು ಇದೆ, ಊರಿನ ಕಡೆ ಮುಖ ಮಾಡಿ ಇದೆ. ಎಲ್ಲರೂ ಹೋಗುತ್ತಿರುವ ದಾರಿಯಲ್ಲಿ ಅವಳೊಬ್ಬಳು ಬರುತ್ತಿದ್ದಾಳೆ. ಹೋಗಿ ಅದರ ಪಕ್ಕ ಕುಳಿತುಕೊಂಡು, ನೀನು ಹೇಳಿದ್ದೇ ಸರಿ ಎಂದು ಹೇಳಿ ಬರಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು.

ದೀಪಾವಳಿಯ ಆರ್ಡರುಗಳು ಮುಗಿದ ಮರುದಿನ ಹೊರಟೆ. ಅವ್ವ ಬಾಗಿಲಲ್ಲಿ ನಿಂತು, "ಅಲ್ಲೇನೈತಿ ಈಗ ನೋಡೋದು? ಕಲ್ಲು ಕೂಡಿಸೋ ಮುಂದ ಎಲ್ಲಾರೂ ಹೋದ್ರಾತು" ಎಂದಳು. ನಾನು ಹೋಗಿ ಬರುತ್ತೇನೆ ಎಂದೆ. "ಬ್ಯಾಡ ಅಂದ್ರ ಬ್ಯಾಡ" ಎಂದಳು. ಆಮೇಲೆ ಬುತ್ತಿ ಕಟ್ಟಿಕೊಟ್ಟಳು. ಅವಳಿಗೆ ಕಾಲುನೋವು, ನಾನೊಬ್ಬನೇ ದೂರ ಹೋಗುವುದು ಅವಳಿಗೆ ಇಷ್ಟವಿಲ್ಲ, ಅದಕ್ಕೇ ಹಾಗೆನ್ನುತ್ತಾಳೆ ಎಂದುಕೊಂಡೆ.

ಕಲ್ಯಾಣದುರ್ಗದ ಮೇಲೆ ಮಡಕಶಿರಾಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬೇವಿನ ಮರದ ಕೆಳಗೆ ಇಳಿದಾಗ ಮಧ್ಯಾಹ್ನವಾಗಿತ್ತು. ಹಿಂದಿನ ದಿನ ಮಳೆಯಾಗಿತ್ತು. ಚಪ್ಪಡಿಗಳು ತೊಳೆದಿಟ್ಟ ಹಾಗಿದ್ದವು. ಕೆಳಗಿನಿಂದ ಒಂದೊಂದನ್ನೇ ನೋಡುತ್ತ ಹತ್ತಿದೆ. ಎಲ್ಲ ಹೆಜ್ಜೆಗಳೂ ನನ್ನ ಎದುರಿಗೆ ಬರುತ್ತಿದ್ದವು. ದೊಡ್ಡ ಕಾಲು, ಸಣ್ಣ ಕಾಲು, ಒಂದು ಬೆರಳಿಲ್ಲದ ಕಾಲು. ನನ್ನ ಜೊತೆಗೆ ಮೇಲಕ್ಕೆ ಹತ್ತುವ ಒಂದೇ ಒಂದು ಹೆಜ್ಜೆಯನ್ನು ಹುಡುಕುತ್ತ ಹೋದೆ. ದಾರಿ ಮುಗಿದು ಮೊದಲ ಮನೆಯ ಗೋಡೆ ಬಂತು. ಅಂಥ ಹೆಜ್ಜೆ ಇರಲಿಲ್ಲ.

ನಾನು ನೋಡುವಾಗ ತಪ್ಪಿದೆ ಎಂದುಕೊಂಡು ಮತ್ತೆ ಇಳಿದೆ. ಈ ಸಲ ಬೆರಳುಗಳನ್ನು ನೋಡುತ್ತ ಇಳಿದೆ. ದಾರಿಯ ನಡುವೆ, ಒಂದು ಚಪ್ಪಡಿಯ ಸುತ್ತಲಿನ ಸಿಮೆಂಟು ಬೇರೆ ಬಣ್ಣಕ್ಕಿತ್ತು, ಹೊಸದು. ಕುಳಿತು ನೋಡಿದೆ. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿತ್ತು. ಕಾಲುಂಗುರದ ಕುಳಿಯಲ್ಲಿ ಬೆರಳಿಟ್ಟು ನೋಡಿದೆ. ಅವಳದೇ. ಹೆಬ್ಬೆರಳು ಬಸ್‌ಸ್ಟಾಪಿನ ಕಡೆಗಿತ್ತು.

ಭಾವ ಹುಳದ ಮನೆಯಲ್ಲಿದ್ದ. ನನ್ನನ್ನು ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಕೈ ತೊಳೆದುಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕುಳಿತ.

"ನೋಡ್ದಾ?" ಎಂದ.

"ಯಾರು ತಿರುಗಿಸಿದ್ದು ಭಾವ?"

"ಊರೋರು." ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, "ನಾನೂ ಇದ್ದೆ" ಎಂದ.

ಅವನು ಹೇಳಿದ್ದು ಇಷ್ಟು. ಅಕ್ಕ ಹೋದ ಮೇಲೆ ಮಳೆ ಬಂತು. ಮಳೆ ನಿಂತ ಮರುದಿನ ಎಲ್ಲ ಹೆಜ್ಜೆಗಳೂ ಒಣಗುತ್ತಿದ್ದವು, ಅವಳ ಹೆಜ್ಜೆಯಲ್ಲಿ ಮಾತ್ರ ನೀರು ನಿಲ್ಲುತ್ತಿತ್ತು. ಬೆಳಿಗ್ಗೆ ಬಸ್ಸಿಗೆ ಇಳಿಯುವವರು ಅದನ್ನು ನೋಡಿದರು. ಒದ್ದೆಗಾಲಿನಲ್ಲಿ ಯಾರೋ ಈಗತಾನೇ ಊರೊಳಗೆ ಹೋದ ಹಾಗೆ ಕಾಣುತ್ತಿತ್ತು. ಎಲ್ಲರೂ ಹೋಗುವ ಕಡೆಗೆ ಹೋದರೆ ತಿರುಗಿ ಬರುವ ಕಾಲು ಯಾರದು ಎಂದು ಎಲ್ಲರಿಗೂ ಗೊತ್ತು. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ಚಿಕ್ಕಂದಿನಲ್ಲಿ ಕೇಳಿರದವರು ಯಾರಿದ್ದಾರೆ? ಅದೇ ಹೊತ್ತಿಗೆ ಎರಡು ಮನೆಯಲ್ಲಿ ಹುಳ ಗೂಡು ಕಟ್ಟಲಿಲ್ಲ.

"ಅದು ಇಳಿಜಾರು ಭಾವ" ಎಂದೆ. "ಆಕಿ ಮುಖ ಮ್ಯಾಲೈತಿ, ಹಿಮ್ಮಡಿ ಕೆಳಗೈತಿ. ಹಿಮ್ಮಡಿ ಆಳ. ಅದಕ್ಕ ನೀರು ನಿಂತೈತಿ. ಅಷ್ಟ."

"ನಂಗೊತ್ತಿಲ್ವೇನಪ್ಪ? ನಾನೂ ಅದನ್ನೇ ಹೇಳ್ದೆ. ಹೆಂಡ್ತಿ ಸತ್ತೋನ ಮಾತು ಯಾರ್ ಕೇಳ್ತಾರೆ? ಕಿತ್ತು ಬಾವಿಗಾಕ್ತೀವಿ ಅಂದ್ರು. ಬ್ಯಾಡ, ತಿರುಗ್ಸಿ ಸಾಕು ಅಂದೆ. ಅಷ್ಟಾದ್ರೂ ಉಳೀಲಿ ಅಂತ."

ಪಕ್ಕದ ಮನೆಯ ಅಜ್ಜಿ ಅಷ್ಟರಲ್ಲಿ ಬಂದು ಕಂಬಕ್ಕೆ ಒರಗಿ ಕುಳಿತಿದ್ದಳು. ಅಕ್ಕ ಕೈಹಿಡಿದು ಕರೆದುಕೊಂಡು ಹೋಗಿದ್ದ ಅಜ್ಜಿ. ಅವಳ ಹೆಜ್ಜೆ ಅಕ್ಕನ ಹೆಜ್ಜೆಯ ಪಕ್ಕದಲ್ಲೇ ಇತ್ತು.

"ನಿಮ್ಮಕ್ಕ ಒಳ್ಳೇಳು ಕಣಪ್ಪ" ಎಂದಳು.

"ಒಳ್ಳೆಯಾಕಿ ಆದ್ರ ಯಾಕ ಹೆದರಿದ್ರಿ?"

"ಒಳ್ಳೇಳು ಅಂದ್ರೆ ಭಯ ಆಗಾಕಿಲ್ವಾ? ಕೆಟ್ಟೋಳಾದ್ರೆ ಎಲ್ಲಾದ್ರೂ ಹೋಯ್ತಾಳೆ. ಒಳ್ಳೇಳು ಮನೇಗೇ ಬತ್ತಾಳೆ." ಹೀಗೆಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಮೇಲೆ ಸಿಟ್ಟು ಮಾಡಬೇಕೆಂದರೂ ಆಗಲಿಲ್ಲ. ಆದರೆ ಅವಳ ಕಾಲುಗಳನ್ನು ನೋಡಿದೆ. ಅಕ್ಕ ಎಣ್ಣೆ ಹಚ್ಚಿದ ಕಾಲುಗಳು.

"ಗಾರೆ ಕೆಲಸ ಯಾರು ಮಾಡಿದ್ರು?" ಎಂದು ಕೇಳಿದೆ. ಹೊಸ ಸಿಮೆಂಟು ಅಷ್ಟು ನೀಟಾಗಿತ್ತು.

"ಮೇಡಮ್ಮೇ ಬಂದಿದ್ರು" ಎಂದ ಭಾವ. "ಫೋನ್ ಮಾಡಿದ್ವಿ. ಎಲ್ಡೇ ದಿನಕ್ಕೆ ಬಂದ್ರು."

ಅವನ ಫೋನಿನಿಂದ ನಂಬರು ತೆಗೆದುಕೊಂಡು ಜಗಲಿಯಲ್ಲೇ ಕುಳಿತು ಮಾತನಾಡಿದೆ. ಮೇಡಂ ಬಹಳ ಮೆತ್ತಗೆ ಮಾತನಾಡಿದಳು. ಅಕ್ಕನ ಬಗ್ಗೆ ದುಃಖ ಹೇಳಿದಳು, ಅದು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಆಮೇಲೆ, "ಅದು ಸಮುದಾಯದ ತೀರ್ಮಾನ. ಆ ಕಲಾಕೃತಿ ಅವರದ್ದು, ನಮ್ಮದಲ್ಲ. ಅವರು ಕೇಳಿದಾಗ ಇಲ್ಲ ಎನ್ನಲು ನಾನು ಯಾರು?" ಎಂದಳು.

"ನಮ್ಮಕ್ಕ ಆ ಸಮುದಾಯದಾಗ ಇದ್ದಿಲ್ಲೇನ್ರಿ?"

ಎಲ್ಲರ ಮುಂದೆ ಮಾತು ಕೊಟ್ಟಿದ್ದಿರಿ ಎಂದೆ. ಕೊಟ್ಟಿದ್ದೆ, ನೆನಪಿದೆ ಎಂದಳು. ಬೇಕಿದ್ದರೆ ಇಡೀ ದಾರಿಯ ಒಂದು ಒಳ್ಳೆಯ ಫೋಟೋ ಕಳಿಸುತ್ತೇನೆ ಎಂದಳು. ಮಡಕಶಿರಾ ತಲುಪುವಷ್ಟರಲ್ಲಿ ಫೋಟೋ ಬಂತು. ಎತ್ತರದಿಂದ ತೆಗೆದದ್ದು. ಹೆಜ್ಜೆಗಳೆಲ್ಲ ಒಂದೇ ಸಾಲಿನಲ್ಲಿ ಇಳಿದು ಹೋಗುತ್ತಿದ್ದವು. ಚೆನ್ನಾಗಿತ್ತು. ಒಂದೂ ಉಲ್ಟಾ ಇರಲಿಲ್ಲ. ನಾನು ಹಿಂದೆ ಅಕ್ಕನಿಗೆ ಹೇಗಿರಬೇಕೆಂದು ಹೇಳಿದ್ದೆನೋ ಹಾಗೆಯೇ ಇತ್ತು.

ಅಕ್ಕ ಕಳಿಸಿದ್ದ ಫೋಟೋ ತೆಗೆದು ನೋಡಿದೆ. ಅದರಲ್ಲಿ ದಾರಿಯಿಲ್ಲ, ಮರವಿಲ್ಲ, ಊರಿಲ್ಲ. ಫೋನನ್ನು ಹೇಗೆ ತಿರುಗಿಸಿದರೆ ಹಾಗೆ ತಿರುಗುವ ಒಂದು ಕಾಲು, ಅಷ್ಟೆ. ಅವಳು ಊರ ಕಡೆ ಮುಖ ಮಾಡಿದ್ದಳು ಎಂಬುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಹೊರಡುವ ಮೊದಲು ಭಾವ ಬಸ್‌ಸ್ಟಾಪಿನ ತನಕ ಬಂದಿದ್ದ. ಇಬ್ಬರೂ ಚಪ್ಪಡಿಗಳನ್ನು ಬಿಟ್ಟು ಪಕ್ಕದ ಮಣ್ಣಿನಲ್ಲಿ ಇಳಿದೆವು. ಬಸ್ಸು ಬಂದಾಗ ಅವನು ಹೇಳಿದ: "ನಿಮ್ಮವ್ವನ್ನ ಕೇಳೇ ಮಾಡಿದ್ದು ಕಣಪ್ಪ. ಕೇಳ್ದೆ ಮಾಡ್ಲಿಲ್ಲ. ಅದೊಂದ್ ತಿಳ್ಕೋ."

ಆ ಮಾತಿನ ಜೊತೆಗೆ ಅಷ್ಟು ದೂರ ಬಂದೆ. ಊರಿನವರು ಹೆದರಿದರು, ಸರಿ. ಭಾವ ಒಬ್ಬನೇ ಇದ್ದ, ಸರಿ. ಮೇಡಂ ಹೊರಗಿನವಳು. ಇವರೆಲ್ಲರ ಮೇಲಿನ ಸಿಟ್ಟನ್ನು ಹೊತ್ತುಕೊಂಡು ಬಸ್ಸಿನಲ್ಲಿ ಕೂರಬಹುದು. ಅವ್ವನ ಮೇಲೆ ಸಿಟ್ಟು ಮಾಡಿಕೊಂಡರೆ ಮನೆಗೆ ಹೋಗಿ ಅವಳ ಕೈಯಿಂದಲೇ ಉಣ್ಣಬೇಕು.

ಅವ್ವ ಮುಚ್ಚಿಡಲಿಲ್ಲ. ಮರುದಿನ ಬೆಳಿಗ್ಗೆ, ರೊಟ್ಟಿ ಬಡಿಯುತ್ತಲೇ ಹೇಳಿದಳು.

"ಹೌದು, ನಾನ ಹ್ಞೂಂ ಅಂದೆ. ತಿರುಗಿ ಬರಾಕತ್ಯಾಳ ಅಂತ ಊರು ಅಂದ್ರ ನನ್ನ ಮಗಳು ಏನಾದಂಗಾತೋ? ಬದುಕಿದ್ದಾಗ ಒಬ್ಬರಿಂದ ಒಂದು ಮಾತು ಅನ್ನಿಸಿಕೊಂಡಾಕಿ ಅಲ್ಲ. ಸತ್ತ ಮ್ಯಾಲ ಕಂಡ್ರ ಮಂದಿ ಹೆದರೋದು ಬ್ಯಾಡ ಅಂದೆ. ಹೋಗಲಿ, ನೆಟ್ಟಗ ಹೋಗಲಿ."

"ನನಗ ಯಾಕ ಹೇಳಲಿಲ್ಲ?"

"ನೀ ಬ್ಯಾಡ ಅಂತಿದ್ದಿ."

"ಆಕಿಗೆ ಬರೋದಿತ್ತವ್ವಾ. ಜಗಳ ಮಾಡಿ ಹಂಗ ಹಾಕಿಸಿಕೊಂಡಿದ್ಲು. ನಿನ್ನ ನೋಡೇ ಕಲತಿದ್ಲು."

ಅವ್ವ ರೊಟ್ಟಿ ಹೆಂಚಿಗೆ ಹಾಕಿದಳು. ಅದರ ಬಗ್ಗೆ ನಾವು ಮತ್ತೆ ಮಾತನಾಡಿಲ್ಲ.

ಮೂರು ದಿನಕ್ಕೆ ಅಮಾವಾಸ್ಯೆ, ಲಕ್ಷ್ಮೀ ಪೂಜೆ. ನಮ್ಮ ಬೀದಿಯಲ್ಲಿ ಅಂದು ಎಲ್ಲರ ಹೊಸ್ತಿಲಿಗೂ ಅಕ್ಕಿಹಿಟ್ಟಿನ ಹೆಜ್ಜೆ ಬೀಳುತ್ತದೆ. ಕೈಯನ್ನು ಮುಷ್ಟಿ ಮಾಡಿ ಹಿಟ್ಟಿನ ನೀರಿನಲ್ಲಿ ಅದ್ದಿ, ಅದರ ಬದಿಯನ್ನು ನೆಲಕ್ಕೆ ಒತ್ತಿದರೆ ಪಾದ ಮೂಡುತ್ತದೆ. ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಬೆರಳುಗಳು. ಮದುವೆಯಾಗಿ ಹೋಗುವ ತನಕ ಅದು ಅಕ್ಕನ ಕೆಲಸ. ಈ ವರ್ಷ ಸಾವಾದ ಮನೆ, ಹಬ್ಬವಿಲ್ಲ. ಅವ್ವ ಬಾಗಿಲಿಗೆ ಬರೀ ನೀರು ಹಾಕಿ ಒಳಗೆ ಹೋಗಿದ್ದಳು.

ನಾನು ಒಂದು ಬಟ್ಟಲಲ್ಲಿ ಹಿಟ್ಟು ಕಲಸಿಕೊಂಡು ಹೊಸ್ತಿಲ ಮುಂದೆ ಕುಳಿತೆ. ಮುಷ್ಟಿ ಒತ್ತಿದೆ, ಒಳಗೆ ಮುಖ ಮಾಡಿದ ಒಂದು ಬಲಗಾಲು. ಕಿರುಬೆರಳಿನ ಚುಕ್ಕೆಯನ್ನು ಪಕ್ಕದ ಚುಕ್ಕೆಯ ಮೇಲೆ ಹತ್ತಿಸಿ ಇಟ್ಟೆ. ಜೇಬಿನಲ್ಲಿ ಪ್ಯಾಂಟಿಗೆ ಹೊಡೆಯುವ ಹಿತ್ತಾಳೆಯ ರಿವೆಟ್ ಇತ್ತು, ಯಾವಾಗಲೂ ಒಂದೆರಡು ಇರುತ್ತವೆ. ಅದನ್ನು ಹೆಬ್ಬೆರಳಿನ ಪಕ್ಕದ ಬೆರಳಿಗೆ ಒತ್ತಿದೆ. ಸಣ್ಣ ದುಂಡು ಗುರುತು ಬಿತ್ತು.

ಅವ್ವ ಹಿಂದೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ಆ ಗುರುತನ್ನೇ ನೋಡುತ್ತಿದ್ದಳು. ಅಳಿಸು ಎನ್ನುತ್ತಾಳೆ ಎಂದುಕೊಂಡೆ. ಅನ್ನಲಿಲ್ಲ.

ಅಷ್ಟರಲ್ಲಿ ಎದುರುಮನೆಯಾಕೆ ತಟ್ಟೆಯಲ್ಲಿ ಕರಿಗಡುಬು ಹಿಡಿದುಕೊಂಡು ಬರುವುದು ಕಂಡಿತು. ಅವ್ವ ಬಾಗಿಲ ಒಳಗಿದ್ದ ಕಾಲೊರೆಸುವ ಹಾಸನ್ನು, ನಾನೇ ಜೀನ್ಸ್ ಚೂರುಗಳಿಂದ ಹೊಲಿದು ಕೊಟ್ಟಿದ್ದನ್ನು, ಕಾಲಿನಿಂದ ಹೊರಗೆ ಎಳೆದು ಆ ಹೆಜ್ಜೆಯ ಮೇಲೆ ಹಾಕಿದಳು.

"ಏನಬೇ, ಈ ಸಲ ಹೆಜ್ಜಿ ಹಾಕಿಲ್ಲೇನು?" ಎಂದು ಕೇಳಿದಳು ಎದುರುಮನೆಯಾಕೆ.

"ಇಲ್ರೀ, ಸಾವಾಗೇತಲ್ಲ ಮನ್ಯಾಗ" ಎಂದಳು ಅವ್ವ. "ಬರ್ರಿ ಒಳಗ."

ಎದುರುಮನೆಯಾಕೆ ಹಾಸಿನ ಮೇಲೆ ನಿಂತು ಎರಡೂ ಕಾಲನ್ನು ಚೆನ್ನಾಗಿ ಒರೆಸಿಕೊಂಡು ಒಳಗೆ ಬಂದಳು. ನಾನು ಬಟ್ಟಲು ಹಿಡಿದುಕೊಂಡು ಅಲ್ಲೇ ಕುಳಿತಿದ್ದೆ. ಹಾಸನ್ನು ಎತ್ತಿ ನೋಡಲಿಲ್ಲ.